‘ಬೇಡ’ ಎಂಬ ಮಾತಿಗೆ ಎಷ್ಟು ಅಂಕ?

ಕಳೆದ ವರ್ಷ ದೀಪಾವಳಿ ರಜೆಯಲ್ಲಿ ಅಪ್ಪ, ಅಮ್ಮ ಮತ್ತು ನಾನು ಒಂದು ವಸತಿ ಕೇಂದ್ರ ನೋಡಿಕೊಂಡು ಬರಲು ಹೋಗಿದ್ದೆವು. ಅಣ್ಣನಿಗಾಗಿ. ಅವನಿಗೀಗ 34 ವರ್ಷ, ಡೌನ್ ಸಿಂಡ್ರೋಮ್ ಇದೆ. ಅಪ್ಪನಿಗೆ 69. ಅಮ್ಮ ಮಂಡಿನೋವಿನಿಂದ ಮಹಡಿ ಹತ್ತುವುದನ್ನು ಬಿಟ್ಟು ಎರಡು ವರ್ಷವಾಯಿತು. ‘ನಾವು ಹೋದ ಮೇಲೆ ಇವನ ಗತಿ ಏನು’ ಎನ್ನುವ ಮಾತು ನಾನು ಹುಟ್ಟುವುದಕ್ಕೆ ಮುಂಚಿನಿಂದಲೂ ನಮ್ಮ ಮನೆಯಲ್ಲಿದೆ. ನಾನು ಹುಟ್ಟಿದ್ದಕ್ಕೆ ಅದೂ ಒಂದು ಕಾರಣವಿರಬಹುದು ಎಂದು ಆಗಾಗ ಅನ್ನಿಸಿದ್ದಿದೆ. ಕೇಳಿಲ್ಲ.

ಕೇಂದ್ರ ಚೆನ್ನಾಗಿತ್ತು. ವ್ಯಂಗ್ಯಕ್ಕೆ ಹೇಳುತ್ತಿಲ್ಲ, ನಿಜವಾಗಿಯೂ ಚೆನ್ನಾಗಿತ್ತು. ನೆಲ ಒರೆಸಿತ್ತು. ಪ್ರತಿ ಮಂಚದ ತಲೆಯ ಹತ್ತಿರ ಹೆಸರು, ರಕ್ತದ ಗುಂಪು, ಕೊಡಬೇಕಾದ ಔಷಧಿಯ ವಿವರ ಬರೆದು ಅಂಟಿಸಿದ್ದರು. ಗೋಡೆಯ ಮೇಲೆ ವಾರದ ಊಟದ ಪಟ್ಟಿ. ಬೆಂಕಿ ಆರಿಸುವ ಕೆಂಪು ಸಿಲಿಂಡರಿನ ಅವಧಿ ಮುಗಿದಿರಲಿಲ್ಲ, ಬಗ್ಗಿ ನೋಡಿದೆ. ನನ್ನ ಚೀಲದಲ್ಲಿ 42 ಪ್ರಶ್ನೆಗಳ ಒಂದು ಪಟ್ಟಿಯಿತ್ತು. ಬೌದ್ಧಿಕ ಅಂಗವೈಕಲ್ಯ ಇರುವವರ ಆರೈಕೆಯಲ್ಲಿ ‘ಒಳ್ಳೆಯದು’ ಅಂದರೇನು ಎನ್ನುವುದು ನನ್ನ ಪಿಎಚ್.ಡಿ ವಿಷಯ. ಬೇರೆ ಬೇರೆ ದೇಶಗಳ ಮಾನದಂಡಗಳನ್ನು ಓದಿ, ನಮ್ಮಲ್ಲಿಗೆ ಹೊಂದುವಂತೆ ಮಾಡಿಕೊಂಡ ಪಟ್ಟಿ ಅದು. ಮೇಲ್ವಿಚಾರಕಿ ಸಮಾಧಾನದಿಂದ ಎಲ್ಲಕ್ಕೂ ಉತ್ತರ ಕೊಟ್ಟರು. ಹೆಚ್ಚುಕಡಿಮೆ ಎಲ್ಲ ಸಾಲಿಗೂ ಗುರುತು ಬಿತ್ತು.

ಹೊರಡುವ ಹೊತ್ತಿಗೆ ಅಮ್ಮ ಕೇಳಿದಳು, “ರಾತ್ರಿ ಊಟ ಎಷ್ಟೊತ್ತಿಗೆ?”

“ಆರೂವರೆಗೆ ಅಮ್ಮ. ಅಡುಗೆಯವರು ಏಳು ಗಂಟೆ ಬಸ್ಸಿಗೆ ಹೋಗ್ಬೇಕಲ್ಲ. ಎಂಟಕ್ಕೆಲ್ಲ ಮಕ್ಕಳು ಮಲಗಿಬಿಡ್ತಾರೆ.”

ಆ ಮಕ್ಕಳಲ್ಲಿ ಕೆಲವರಿಗೆ ತಲೆ ನೆರೆತಿತ್ತು. ಅಮ್ಮ ಏನೂ ಹೇಳಲಿಲ್ಲ. ಅಣ್ಣ ಮನೆಯಲ್ಲಿ ಊಟ ಮಾಡುವುದು ಒಂಬತ್ತೂವರೆಗೆ, ಅಪ್ಪನ ಜೊತೆ ಕೂತು ಟಿವಿ ನೋಡಿ, ಅಪ್ಪ ಎದ್ದ ಮೇಲೆ. ಅವರಿಬ್ಬರೂ ದಿನದಲ್ಲಿ ಹೆಚ್ಚು ಮಾತಾಡುವುದು ಆ ಹೊತ್ತಿನಲ್ಲೇ. ನನ್ನ 42 ಪ್ರಶ್ನೆಗಳಲ್ಲಿ ಊಟದ ಪೌಷ್ಟಿಕತೆ ಇತ್ತು, ಶುಚಿ ಇತ್ತು, ಊಟದ ಹೊತ್ತು ಇರಲಿಲ್ಲ.

ಇದು ನನಗೆ ನಾಚಿಕೆಯ ವಿಷಯ, ಏಕೆಂದರೆ ನಾನು ಓದಿದ್ದರಲ್ಲೇ ಅದು ಇತ್ತು. ಸ್ವೀಡನ್ನಿನ ಬೆಂಗ್ಟ್ ನಿರ್ಯೆ 1969ರಲ್ಲಿ ಬರೆದ ಪ್ರಬಂಧವೊಂದು ಈ ಕ್ಷೇತ್ರದ ಎಲ್ಲ ಮಾನದಂಡಗಳಿಗೂ ಒಂದು ರೀತಿಯ ಮೂಲ. ಅಂಗವೈಕಲ್ಯ ಇರುವವರಿಗೂ ಉಳಿದವರ ಬದುಕಿಗಿರುವ ಲಯವೇ ಇರಬೇಕು, ದಿನದ ಲಯ, ವಾರದ ಲಯ, ವರ್ಷದ ಲಯ, ಎನ್ನುವುದು ಅವರ ವಾದ. ಅದರಲ್ಲಿ ಅವರು ಕೊಡುವ ಉದಾಹರಣೆ ತೀರ ಸಣ್ಣದು. ನಿಮಗೆ ಬುದ್ಧಿ ಕಡಿಮೆ ಎಂಬ ಕಾರಣಕ್ಕೆ ನಿಮ್ಮ ತಮ್ಮ ತಂಗಿಯರಿಗಿಂತ ಮುಂಚೆ ನೀವು ಮಲಗಬೇಕಾಗಿ ಬರಬಾರದು. ಸಿಬ್ಬಂದಿ ಸಾಲದು ಎಂಬ ಕಾರಣಕ್ಕಂತೂ ಬರಬಾರದು. ಈ ಮಾತಿಗೆ ನಾನು ಹಳದಿ ಬಣ್ಣ ಹಚ್ಚಿಟ್ಟಿದ್ದೆ. ನಾನೇ ಆ ತಂಗಿ ಎಂದು ಹೊಳೆದಿರಲಿಲ್ಲ.

ಮಾನದಂಡಗಳನ್ನು ಬೈಯುವುದು ಸುಲಭ. ಆರೈಕೆ ಎನ್ನುವುದು ಪ್ರೀತಿಯಿಂದ ಬರಬೇಕು, ಅದನ್ನು ಚೌಕಗಳಲ್ಲಿ ತುಂಬುವುದಕ್ಕಾಗುತ್ತದೆಯೇ ಎಂದು ಸೆಮಿನಾರುಗಳಲ್ಲಿ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ. ಮಾನದಂಡಗಳು ಯಾವ ಗಾಯದಿಂದ ಹುಟ್ಟಿದವು ಎಂದು ನೋಡಿದವರು ಹಾಗೆ ಕೇಳುವುದಿಲ್ಲ. ನ್ಯೂಯಾರ್ಕಿನ ಸ್ಟೇಟನ್ ಐಲೆಂಡಿನಲ್ಲಿ ವಿಲ್ಲೊಬ್ರೂಕ್ ಎಂಬ ಸರ್ಕಾರಿ ಸಂಸ್ಥೆಯಿತ್ತು. 4000 ಜನರಿಗೆಂದು ಕಟ್ಟಿದ್ದು. 1965ರ ಹೊತ್ತಿಗೆ ಅಲ್ಲಿ 6000ಕ್ಕೂ ಹೆಚ್ಚು ಜನ ಇದ್ದರು. ಅಲ್ಲಿನ ಮಕ್ಕಳಿಗೆ ಬೇಕೆಂದೇ ಹೆಪಟೈಟಿಸ್ ಸೋಂಕು ತಗುಲಿಸಿ ವರ್ಷಗಟ್ಟಲೆ ಪ್ರಯೋಗ ಮಾಡಿದರು. 1972ರಲ್ಲಿ ಟಿವಿ ವರದಿಗಾರ ಜೆರಾಲ್ಡೊ ರಿವೇರಾ ಕ್ಯಾಮೆರಾ ಒಳಗೆ ತೆಗೆದುಕೊಂಡು ಹೋದಾಗ ದೇಶ ಕಂಡದ್ದು, ಬಟ್ಟೆಯಿಲ್ಲದೆ ತಮ್ಮದೇ ಹೊಲಸಿನಲ್ಲಿ ಕೂತ ಮಕ್ಕಳನ್ನು. ಪೋಷಕರು ಕೋರ್ಟಿಗೆ ಹೋದರು. 1975ರಲ್ಲಿ ಬಂದ ಒಪ್ಪಂದದ ಆದೇಶ ಎಷ್ಟು ಜನಕ್ಕೆ ಎಷ್ಟು ಸಿಬ್ಬಂದಿ ಇರಬೇಕು ಎನ್ನುವುದನ್ನೂ ಬರೆಯಿತು. ಪ್ರೀತಿ ಇರಬೇಕು ಎಂದು ಬರೆಯಲಿಲ್ಲ. ಬರೆದಿದ್ದರೆ ಯಾರಿಗೂ ಉಪಯೋಗವಾಗುತ್ತಿರಲಿಲ್ಲ. ಆ ಸಂಸ್ಥೆ ಪೂರ್ತಿ ಮುಚ್ಚಿದ್ದು 1987ರಲ್ಲಿ.

ನಮ್ಮಲ್ಲಿ ಅಷ್ಟು ದೂರ ಹೋಗಬೇಕಿಲ್ಲ. 1994ರಲ್ಲಿ ಪುಣೆಯ ಹತ್ತಿರದ ಶಿರೂರಿನ ಒಂದು ವಸತಿಗೃಹದ ಹೆಣ್ಣುಮಕ್ಕಳನ್ನು ಪುಣೆಯ ಸಸೂನ್ ಆಸ್ಪತ್ರೆಗೆ ಕರೆದೊಯ್ದು ಗರ್ಭಕೋಶ ತೆಗೆಸಿದರು. ಬೌದ್ಧಿಕ ಅಂಗವೈಕಲ್ಯ ಇರುವ ಹುಡುಗಿಯರು. ಕೊಟ್ಟ ಕಾರಣ, ಮುಟ್ಟಿನ ದಿನಗಳಲ್ಲಿ ಶುಚಿ ಕಾಪಾಡಿಕೊಳ್ಳುವುದು ಅವರಿಗೆ ಬರುವುದಿಲ್ಲ ಎಂದು. ಮಹಿಳಾ ಸಂಘಟನೆಗಳು ಬೀದಿಗಿಳಿದ ಮೇಲೆ ಅದು ನಿಂತಿತು. ಈ ಪ್ರಕರಣವನ್ನು ಓದುವಾಗೆಲ್ಲ ನನ್ನನ್ನು ಕಾಡುವುದು, ಅಲ್ಲಿಯೂ ಒಂದು ಮಾನದಂಡ ಇತ್ತು ಎನ್ನುವುದು. ಶುಚಿತ್ವ. ಅದನ್ನು ಅಳೆಯಬಹುದಿತ್ತು, ತಪಾಸಣೆಗೆ ಬಂದವರಿಗೆ ತೋರಿಸಬಹುದಿತ್ತು. ಗರ್ಭಕೋಶ ತೆಗೆದರೆ ಆ ಸಾಲಿಗೆ ಪೂರ್ತಿ ಅಂಕ ಸಿಗುತ್ತದೆ.

ಅಂದರೆ ಮಾನದಂಡ ಇಲ್ಲದಿದ್ದರೆ ವಿಲ್ಲೊಬ್ರೂಕ್. ತಪ್ಪು ಮಾನದಂಡವೊಂದೇ ಇದ್ದರೆ ಶಿರೂರು.

ನನ್ನ ಕ್ಷೇತ್ರಕಾರ್ಯದಲ್ಲಿ ನಾನು ಕೂಡ ಒಂದು ತಪ್ಪು ಮಾಡಿದ್ದೇನೆ. ಬೇರೊಂದು ಕೇಂದ್ರದಲ್ಲಿ ಕೆಲವು ತಿಂಗಳು ಕೂತು ಟಿಪ್ಪಣಿ ಮಾಡಿಕೊಳ್ಳುತ್ತಿದ್ದೆ. ‘ನಿವಾಸಿಗಳಿಗೆ ದಿನನಿತ್ಯದಲ್ಲಿ ಆಯ್ಕೆ ಇದೆಯೇ’ ಎಂಬ ಪ್ರಶ್ನೆಗೆ ‘ಹೌದು’ ಎಂದು ಬರೆದೆ. ಏಕೆಂದರೆ ಅಲ್ಲಿ ಬೆಳಗ್ಗೆ ಪ್ರತಿಯೊಬ್ಬರನ್ನೂ ‘ಕೆಂಪು ಅಂಗಿನಾ, ನೀಲಿ ಅಂಗಿನಾ’ ಎಂದು ಕೇಳುತ್ತಿದ್ದರು. ಆಯಮ್ಮ ಎರಡು ಅಂಗಿ ಎತ್ತಿ ಹಿಡಿದು ನಗುತ್ತಾ ಕೇಳುತ್ತಿದ್ದಳು, ನೋಡಲು ಚಂದವಿತ್ತು. ಒಂದು ದಿನ ಒಬ್ಬಾತ ಎರಡೂ ಬೇಡ ಎಂದು ತಲೆಯಾಡಿಸಿ, ಹಿಂದಿನ ದಿನದ ಅಂಗಿಯನ್ನೇ ಎದೆಗವಚಿಕೊಂಡು ಕೂತ. ಹತ್ತು ನಿಮಿಷ ರಮಿಸಿ, ಆಮೇಲೆ ಇಬ್ಬರು ಸೇರಿ ನೀಲಿ ಅಂಗಿ ಹಾಕಿದರು. ಸಂಜೆ ದಿನಚರಿ ಪುಸ್ತಕ ನೋಡಿದಾಗ ಅವನ ಹೆಸರಿನ ಮುಂದೆ ‘ಬೆಳಿಗ್ಗೆ ಹಠ’ ಎಂದು ಬರೆದಿತ್ತು. ಆ ಪುಸ್ತಕದ ಹಿಂದಿನ ಪುಟಗಳನ್ನೂ ತಿರುವಿದೆ. ಹಠ, ಹಠ, ಊಟ ಬಿಟ್ಟು ಹಠ, ಸ್ನಾನಕ್ಕೆ ಹಠ, ವರ್ತನೆ ಸಮಸ್ಯೆ. ಅದೇ ಪುಸ್ತಕದಲ್ಲಿ ‘ಬೇಡ ಎಂದರು’ ಎಂಬ ವಾಕ್ಯ ಎಲ್ಲಿಯೂ ಇಲ್ಲ.

ನಾನು ಹೇಳಬೇಕೆಂದಿರುವುದು ಬಹುತೇಕ ಇಷ್ಟೇ. ಬೇಕು ಎಂದದ್ದನ್ನು ಕೊಡುವುದನ್ನು ನಾವು ಅಳೆಯಲು ಕಲಿತಿದ್ದೇವೆ. ಬೇಡ ಎಂದಾಗ ಏನಾಗುತ್ತದೆ ಎನ್ನುವುದನ್ನು ಅಳೆಯಲು ಕಲಿತಿಲ್ಲ. ನೀವು ಕೊಟ್ಟ ಎರಡರಲ್ಲಿ ಒಂದನ್ನು ಆರಿಸುವುದರಿಂದ ನಿಮ್ಮ ವ್ಯವಸ್ಥೆಗೆ ಏನೂ ತೊಂದರೆಯಿಲ್ಲ. ಬೇಡ ಎಂದರೆ ತೊಂದರೆಯಿದೆ: ಯಾರೋ ನಿಲ್ಲಬೇಕು, ಯೋಚಿಸಬೇಕು, ಬಸ್ಸು ತಪ್ಪಿಸಿಕೊಳ್ಳಬೇಕು. ಒಬ್ಬ ಮನುಷ್ಯನನ್ನು ನಾವು ಮನುಷ್ಯ ಎಂದು ಪರಿಗಣಿಸಿದ್ದೇವೆಯೋ ಇಲ್ಲವೋ ಗೊತ್ತಾಗುವುದು ಆ ಜಾಗದಲ್ಲಿ. ಮನೆಯಲ್ಲಿ ಬೇರೆ ಯಾರಾದರೂ ಬೇಡ ಎಂದರೆ ನಾವು ‘ಯಾಕೆ’ ಎಂದು ಕೇಳುತ್ತೇವೆ. ಅಣ್ಣನಂಥವರು ಬೇಡ ಎಂದರೆ ಅದಕ್ಕೊಂದು ರೋಗದ ಹೆಸರು ಹುಡುಕುತ್ತೇವೆ.

ಮಾತೇ ಬಾರದವರ ಗತಿ ಏನು ಎಂದು ಕೇಳಬಹುದು. ಅಮೆರಿಕದ ತತ್ತ್ವಶಾಸ್ತ್ರಜ್ಞೆ ಈವಾ ಫೆಡರ್ ಕಿಟ್ಟೇ ತಮ್ಮ ಮಗಳ ಬಗ್ಗೆ ದಶಕಗಳಿಂದ ಬರೆಯುತ್ತಿದ್ದಾರೆ. ಮಗಳಿಗೆ ಮಾತು ಬರುವುದಿಲ್ಲ. ವಿವೇಚನೆಯೇ ಮನುಷ್ಯನ ಘನತೆಯ ಆಧಾರ ಎನ್ನುವ ತತ್ತ್ವಶಾಸ್ತ್ರದ ಹಳೆಯ ನಂಬಿಕೆಯನ್ನು ಆ ಮಗಳನ್ನು ಮುಂದಿಟ್ಟುಕೊಂಡು ಅವರು ಪ್ರಶ್ನಿಸಿದರು. ನಾನು ಈ ವಿಷಯಕ್ಕೆ ಬಂದದ್ದೂ ಅವರನ್ನು ಓದಿಯೇ. ಮಾತು ಬೇಕಾಗಿಲ್ಲ. ಮುಖ ತಿರುಗಿಸುವುದು, ತುಟಿ ಬಿಗಿಹಿಡಿಯುವುದು, ಬಾಯಿಗಿಟ್ಟ ತುತ್ತನ್ನು ಉಗುಳುವುದು, ಎಲ್ಲವೂ ಬೇಡ. ಎಳೆಗೂಸು ಇರುವ ಯಾವ ತಾಯಿಗೂ ಇದನ್ನು ಹೇಳಿಕೊಡಬೇಕಿಲ್ಲ.

ಹಾಗಾದರೆ ಬೇಡ ಎಂದದ್ದಕ್ಕೆಲ್ಲ ಸೈ ಎನ್ನಬೇಕೆ? ಇಲ್ಲಿ ನನ್ನ ವಾದ ಅಷ್ಟು ಸಲೀಸಾಗಿ ಮುಂದೆ ಹೋಗುವುದಿಲ್ಲ.

ಅಣ್ಣನಿಗೆ ಥೈರಾಯ್ಡ್ ತೊಂದರೆಯಿದೆ, ಡೌನ್ ಸಿಂಡ್ರೋಮ್ ಇರುವ ಅನೇಕರಿಗೆ ಇರುವಂತೆ. ಬೆಳಗ್ಗೆ ಖಾಲಿ ಹೊಟ್ಟೆಗೆ ಒಂದು ಮಾತ್ರೆ, ದಿನವೂ. ಕೆಲವು ವರ್ಷಗಳ ಹಿಂದೆ ಇದ್ದಕ್ಕಿದ್ದಂತೆ ಬೇಡ ಎನ್ನತೊಡಗಿದ. ಅಮ್ಮ ಒಂದಷ್ಟು ದಿನ ಗೋಗರೆದಳು, ಅಪ್ಪ ಗದರಿದರು. ಕೊನೆಗೆ ಅಮ್ಮ ಮಾತ್ರೆಯನ್ನು ಪುಡಿಮಾಡಿ ನೀರಿಗೆ ಬೆರೆಸಿ ಕೊಡಲು ಶುರುಮಾಡಿದಳು. ಒಂದು ತಿಂಗಳು ನಡೆಯಿತು. ಒಂದು ದಿನ ಲೋಟದ ತಳದಲ್ಲಿ ಬಿಳಿ ಚೂರು ಕಂಡುಬಿಟ್ಟ. ಆಮೇಲೆ ವಾರಗಟ್ಟಲೆ ಅಮ್ಮನ ಕೈಯಿಂದ ನೀರು ಕುಡಿಯಲಿಲ್ಲ. ತಾನೇ ಹೋಗಿ ನಲ್ಲಿಯಿಂದ ಹಿಡಿದುಕೊಂಡು ಕುಡಿಯುತ್ತಿದ್ದ. ಅಮ್ಮ ಅತ್ತದ್ದು ನನಗೆ ಗೊತ್ತು. ಆಮೇಲೆ ಅಪ್ಪನಿಗೆ ಬಿಪಿ ಮಾತ್ರೆ ಶುರುವಾಯಿತು. ಅದನ್ನು ನೋಡಿದ ಅಣ್ಣ, ಯಾರೂ ಹೇಳದೆ, ತನ್ನ ಮಾತ್ರೆಯ ಪಟ್ಟಿಯನ್ನು ತಂದು ಅಪ್ಪನ ಪಕ್ಕ ಕೂತ. ಈಗ ಇಬ್ಬರೂ ಒಟ್ಟಿಗೆ ನುಂಗುತ್ತಾರೆ. ಅವನು ಬೇಡ ಎಂದದ್ದು ಮಾತ್ರೆಯನ್ನಲ್ಲ, ಮನೆಯಲ್ಲಿ ತಾನೊಬ್ಬನೇ ರೋಗಿಯಾಗಿರುವುದನ್ನು ಎಂದು ನಾನು ಈಗ ಅರ್ಥ ಮಾಡಿಕೊಂಡಿದ್ದೇನೆ. ನನ್ನ ಅರ್ಥ ತಪ್ಪಿರಲೂಬಹುದು.

ಈ ಕಥೆ ಚೆನ್ನಾಗಿ ಮುಗಿಯಿತು ಎಂದು ಇದನ್ನೇ ಹೇಳಿ ಸುಮ್ಮನಾಗಬಹುದು. ಹಲ್ಲಿನ ಕಥೆ ಹಾಗೆ ಮುಗಿಯಲಿಲ್ಲ. ಕೀವು ತುಂಬಿದ ದವಡೆ ಹಲ್ಲು ಕೀಳಿಸಬೇಕಿತ್ತು. ಅವನು ಕುರ್ಚಿಯಿಂದ ಎರಡು ಸಲ ಎದ್ದು ಓಡಿದ. ಮೂರನೆಯ ಸಲ ನಾಲ್ಕು ಜನ ಹಿಡಿದೆವು. ಕಾಲು ಹಿಡಿದವಳು ನಾನು. ಅವನು ನನ್ನನ್ನು ನೋಡುತ್ತಾ “ಪುಟ್ಟಿ, ಬೇಡ, ಪುಟ್ಟಿ” ಎನ್ನುತ್ತಿದ್ದ. ಬಿಟ್ಟಿದ್ದರೆ ಸೋಂಕು ಹರಡುತ್ತಿತ್ತು, ಹಿಡಿದದ್ದು ಸರಿ ಎಂದೇ ನನ್ನ ಬುದ್ಧಿ ಹೇಳುತ್ತದೆ. ಆದರೆ ಸರಿಯಾದ ಕೆಲಸ ಮಾಡಿದ ಮೇಲೂ ಒಬ್ಬರಿಗೆ ಲೆಕ್ಕ ಒಪ್ಪಿಸಬೇಕಾದ್ದು ಉಳಿಯುತ್ತದಲ್ಲ, ಅದು ಉಳಿದಿದೆ. ಹಾಗಾಗಿ ಮಾನದಂಡ ಕೇಳಬೇಕಾದ್ದು, ಬೇಡ ಎಂದದ್ದನ್ನು ಯಾವಾಗಲೂ ಪಾಲಿಸಿದಿರಾ ಎಂದಲ್ಲ. ಬರೆದುಕೊಂಡಿರಾ? ‘ಹಠ’ ಎಂದು ಬರೆದಿರೋ, ‘ಬೇಡ ಎಂದರು’ ಎಂದು ಬರೆದಿರೋ? ಮೀರಿದ್ದರೆ ಯಾರು ಮೀರಿದ್ದು, ಯಾಕೆ, ಅದಕ್ಕೂ ಮುಂಚೆ ಬೇರೆ ಏನು ಪ್ರಯತ್ನ ಮಾಡಿದಿರಿ, ಆಮೇಲೆ ಅವರ ಹತ್ತಿರ ಹೋಗಿ ಮಾತಾಡಿದಿರಾ? ಕೇಂದ್ರಗಳಲ್ಲಿ ಹಾಜರಿಗೆ, ಔಷಧಿಗೆ, ದಿನಸಿಗೆ, ಸಂದರ್ಶಕರಿಗೆ ಒಂದೊಂದು ಪುಸ್ತಕ ಇರುತ್ತದೆ. ಇದಕ್ಕೊಂದು ಪುಸ್ತಕ ಇಡುವುದು ದೊಡ್ಡ ಖರ್ಚೇನಲ್ಲ.

ಕಾನೂನು ಈ ಬಗ್ಗೆ ಸುಮ್ಮನಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 5ನೇ ಕಲಮಿನ ಪ್ರಕಾರ ಅಂಗವೈಕಲ್ಯ ಇರುವವರಿಗೆ ಸಮುದಾಯದಲ್ಲಿ ಬದುಕುವ ಹಕ್ಕಿದೆ. ಯಾವುದೋ ಒಂದು ನಿರ್ದಿಷ್ಟ ವಸತಿ ವ್ಯವಸ್ಥೆಯಲ್ಲೇ ಇರಬೇಕೆಂದು ಕಟ್ಟುಪಾಡು ಹಾಕುವಂತಿಲ್ಲ. 14ನೇ ಕಲಮು ಸೀಮಿತ ಪೋಷಕತ್ವದ ಬಗ್ಗೆ ಹೇಳುತ್ತದೆ: ಪೋಷಕರು ಮತ್ತು ಆ ವ್ಯಕ್ತಿ ಪರಸ್ಪರ ನಂಬಿಕೆಯಿಂದ ಸೇರಿ ತೀರ್ಮಾನ ತೆಗೆದುಕೊಳ್ಳುವುದು. ಆದರೆ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಜಿಲ್ಲಾಧಿಕಾರಿಗಳ ನೇತೃತ್ವದ ಸಮಿತಿ ಪೋಷಕರನ್ನು ನೇಮಿಸುವ ಹಳೆಯ ದಾರಿಯೂ ಹಾಗೆಯೇ ಇದೆ, ಹೆಚ್ಚಿನ ತಂದೆತಾಯಿ ಹಿಡಿಯುವುದು ಆ ದಾರಿಯನ್ನೇ. ಸೇರಿ ತೀರ್ಮಾನಿಸುವುದು ಹೇಗೆ ಎಂದು ಅವರಿಗೆ ಯಾರೂ ತೋರಿಸಿಕೊಟ್ಟಿಲ್ಲ.

2009ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದ ಚಂಡೀಗಢದ ಪ್ರಕರಣವನ್ನು ಇಲ್ಲಿ ನೆನೆಯಬೇಕು. ಸರ್ಕಾರಿ ಆಶ್ರಯದಲ್ಲಿದ್ದ ಬೌದ್ಧಿಕ ಅಂಗವೈಕಲ್ಯದ ಯುವತಿಯೊಬ್ಬಳ ಮೇಲೆ ಆ ಆಶ್ರಯದೊಳಗೇ ಅತ್ಯಾಚಾರವಾಗಿ ಗರ್ಭಿಣಿಯಾದಳು. ಅವಳ ಹಿತಕ್ಕಾಗಿ ಗರ್ಭಪಾತ ಮಾಡಿಸಬೇಕೆಂದು ಆಡಳಿತ ಕೇಳಿತು, ಹೈಕೋರ್ಟ್ ಒಪ್ಪಿತು. ಆಕೆ ಬೇಡ ಎಂದಳು, ಮಗು ಬೇಕು ಎಂದಳು. ಸುಪ್ರೀಂ ಕೋರ್ಟ್ ಆಕೆಯ ಮಾತನ್ನು ಎತ್ತಿಹಿಡಿಯಿತು. ಆಕೆಯ ಒಪ್ಪಿಗೆಯಿಲ್ಲದೆ ಮಾಡುವಂತಿಲ್ಲ ಎಂದಿತು. ಅವಳನ್ನು ಕಾಯಬೇಕಾದಾಗ ಕಾಯದಿದ್ದ ವ್ಯವಸ್ಥೆಯೇ, ಅವಳು ಬಾಯಿಬಿಟ್ಟು ಹೇಳಿದಾಗ ‘ನಿನಗೆ ತಿಳಿಯುವುದಿಲ್ಲ’ ಎಂದು ಮುಂದೆ ಬಂದಿತ್ತು. ಬೇಡ ಎನ್ನುವ ಮಾತಿಗೆ ಬೆಲೆಯಿಲ್ಲದ ಜಾಗದಲ್ಲಿ ಅತ್ಯಾಚಾರವೂ ಸುಲಭ. ಸುರಕ್ಷತೆ ಬೇರೆ, ಸ್ವಾತಂತ್ರ್ಯ ಬೇರೆ ಎಂದು ಎರಡು ತಕ್ಕಡಿಯಲ್ಲಿಟ್ಟು ತೂಗುವವರಿಗೆ ಇದು ಕಾಣುವುದಿಲ್ಲ. ವರ್ಷಗಟ್ಟಲೆ ಯಾರು ಏನು ಮಾಡಿಸಿದರೂ ಸುಮ್ಮನೆ ಮಾಡಿಸಿಕೊಳ್ಳಬೇಕೆಂದು ಕಲಿತವರು ಒಂದು ರಾತ್ರಿ ಇದ್ದಕ್ಕಿದ್ದಂತೆ ಕಿರುಚಬೇಕೆಂದು ನಾವು ನಿರೀಕ್ಷಿಸುತ್ತೇವೆ.

ಇದನ್ನೆಲ್ಲ ಅಪ್ಪನಿಗೆ ಹೇಳಿದೆ. ಅವರು ಕೇಳಿಸಿಕೊಂಡು, “ಆ ಗೇಟಿಗೆ ಬೀಗ ಇರೋದ್ರಿಂದಲೇ ನಂಗೆ ಆ ಜಾಗ ಹಿಡಿಸಿದ್ದು” ಎಂದರು. ಮನೆಯಲ್ಲಿ ಅಣ್ಣ ದಿನಾ ಸಂಜೆ ಒಬ್ಬನೇ ಹೋಗಿ ಹಾಲಿನ ಪ್ಯಾಕೆಟ್ ತರುತ್ತಾನೆ. ರಸ್ತೆ ದಾಟಬೇಕು. ಅವನು ಇದನ್ನು ಶುರುಮಾಡಿದಾಗ ಅಪ್ಪ ಮೂರು ತಿಂಗಳು ಗುಟ್ಟಾಗಿ ಹಿಂದೆ ಹೋಗುತ್ತಿದ್ದರು. ಒಮ್ಮೆ ಬೈಕೊಂದು ತಗುಲಿ ಮೊಣಕೈ ತರಚಿತು. ಅಮ್ಮ ಇನ್ನು ಬೇಡವೇ ಬೇಡ ಎಂದಳು. ಮರುದಿನ ಆರು ಗಂಟೆಗೆ ಅವನು ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದ, ಅಪ್ಪನೇ ಕಳಿಸಿದರು. ರಾಬರ್ಟ್ ಪರ್ಸ್ಕೆ ಎಂಬ ಅಮೆರಿಕನ್ನರು 1972ರಲ್ಲಿ ಇದಕ್ಕೆ ‘ಅಪಾಯದ ಘನತೆ’ ಎಂದು ಹೆಸರಿಟ್ಟರು. ಅಪಾಯವೇ ಇಲ್ಲದಂತೆ ಒಬ್ಬರ ಬದುಕನ್ನು ಸುತ್ತಿಟ್ಟರೆ ಅದೂ ಅವಮಾನವೇ ಎನ್ನುವುದು ಅವರ ಮಾತು. ಆ ಹೆಸರನ್ನು ಕೇಳದ ಅಪ್ಪ ಅದನ್ನು ಮಾಡಿದ್ದರು. ಈಗ ಅದೇ ಅಪ್ಪ ಬೀಗ ಬೇಕು ಎನ್ನುತ್ತಿದ್ದಾರೆ.

“ನಾನಿದ್ದಾಗ ಬಿದ್ರೆ ಎತ್ತೋಕೆ ನಾನಿರ್ತೀನಿ. ನಾನಿಲ್ದಿದ್ದಾಗ ಯಾರೋ ಸಂಬಳದವರು ಅವನ ಹಿಂದೆ ಮೂರು ತಿಂಗಳು ಹೋಗ್ತಾರಾ?”

ಹೋಗುವುದಿಲ್ಲ. ಹೋಗದವರ ಮೇಲೆ ನನಗೆ ಸಿಟ್ಟೂ ಇಲ್ಲ. ಕ್ಷೇತ್ರಕಾರ್ಯದಲ್ಲಿ ನಾನು ಕಂಡ ಆಯಮ್ಮಂದಿರು ಹನ್ನೆರಡು ತಾಸು ದುಡಿಯುತ್ತಿದ್ದರು, ತಿಂಗಳ ಕೊನೆಗೆ ಸಾಲ ಕೇಳುತ್ತಿದ್ದರು. ನಿವಾಸಿಯೊಬ್ಬ ಹೊರಗೆ ಹೋಗಿ ಬಿದ್ದರೆ ಕೆಲಸ ಹೋಗುವುದು ಅವರದ್ದು. ಒಳಗೇ ಕೂತು ಕೂತು ಅವನು ಮಂಕಾದರೆ ಯಾರ ಕೆಲಸವೂ ಹೋಗುವುದಿಲ್ಲ. ಬೀಗ ಅವರಿಗೂ ಬೇಕು. ಆರೈಕೆ ಮಾಡುವವರಿಗೆ ‘ಬೇಡ’ ಎನ್ನಲು ಆಗದ ಜಾಗದಲ್ಲಿ ಆರೈಕೆ ಪಡೆಯುವವರ ‘ಬೇಡ’ಕ್ಕೆ ಕಿವಿ ಎಲ್ಲಿಂದ ಬರಬೇಕು? ಅಮೆರಿಕದಲ್ಲಿ ಮಾನ್ಯತೆ ಕೊಡುವ ಒಂದು ಪ್ರಮುಖ ಸಂಸ್ಥೆ 1993ರಲ್ಲಿ ತನ್ನ ಮಾನದಂಡಗಳನ್ನೇ ಬದಲಿಸಿತು. ಕೇಂದ್ರ ಏನೇನು ಮಾಡಿದೆ ಎಂದು ದಾಖಲೆ ನೋಡುವುದರ ಬದಲು, ಆ ವ್ಯಕ್ತಿಯ ಜೊತೆ ಕೂತು, ಎಲ್ಲಿ, ಯಾರ ಜೊತೆ ಇರಬೇಕೆಂದು ನೀನೇ ಆರಿಸಿಕೊಂಡೆಯಾ, ನಿನಗೆ ಗೆಳೆಯರಿದ್ದಾರಾ ಎಂಬಂಥ ಪ್ರಶ್ನೆಗಳನ್ನು ಕೇಳಲು ಶುರುಮಾಡಿತು. ಒಳ್ಳೆಯದೇ. ಆದರೆ ಹಾಗೆ ಕೂತು ಮಾತಾಡಲು ಹೊತ್ತು ಬೇಕು, ಹೊತ್ತಿಗೆ ಜನ ಬೇಕು, ಜನಕ್ಕೆ ಸಂಬಳ ಬೇಕು. ನಾನು ಬರೆಯುತ್ತಿರುವ ಪ್ರಬಂಧದಲ್ಲಿ ಸಂಬಳದ ಬಗ್ಗೆ ಅಧ್ಯಾಯವಿಲ್ಲ. ಗೈಡ್ ಹತ್ತಿರ ಮಾತಾಡಿದ್ದೇನೆ; ತತ್ತ್ವಶಾಸ್ತ್ರ ವಿಭಾಗದಲ್ಲಿ ಅದು ಹೇಗೆ ಹೊಂದುತ್ತದೋ ನೋಡಬೇಕು ಎಂದಿದ್ದಾರೆ.

ಇಷ್ಟೆಲ್ಲ ವಾದ ನಡೆದು ಎರಡು ದಿನವಾದ ಮೇಲೆ, ಹಾಲು ತಂದಿಟ್ಟು ಚಿಲ್ಲರೆ ಎಣಿಸುತ್ತಿದ್ದ ಅಣ್ಣನನ್ನು ನೋಡಿದಾಗ ನನಗೆ ಹೊಳೆಯಿತು. ನಾವು ಕೇಂದ್ರ ನೋಡಲು ಹೋದಾಗ ಅವನನ್ನು ಪಕ್ಕದ ಮನೆಯಲ್ಲಿ ಬಿಟ್ಟು ಹೋಗಿದ್ದೆವು. ಎಲ್ಲಿಗೆ ಹೋಗುತ್ತಿದ್ದೇವೆ ಎಂದು ಹೇಳಿರಲಿಲ್ಲ. ‘ನಿವಾಸಿಯನ್ನು ಸೇರಿಸಿಕೊಳ್ಳುವ ಮುನ್ನ ಅವರ ಅಭಿಪ್ರಾಯ ಕೇಳಲಾಗುತ್ತದೆಯೇ’ ಎನ್ನುವುದು ನನ್ನ ಪಟ್ಟಿಯ 3ನೇ ಪ್ರಶ್ನೆ. ಮೇಲ್ವಿಚಾರಕಿಯನ್ನು ಗಂಭೀರವಾಗಿ ಕೇಳಿದ್ದೆ.

ಮುಂದಿನ ವಾರ ನಾಲ್ವರೂ ಹೋದೆವು. ಮೇಲ್ವಿಚಾರಕಿ ಪ್ರೀತಿಯಿಂದಲೇ ಮಾತಾಡಿಸಿದರು, ಬಿಸ್ಕತ್ತು ಕೊಟ್ಟರು. ಅಣ್ಣ ಮಂಚ ನೋಡಿದ, ಟಿವಿ ಇರುವ ಹಾಲ್ ನೋಡಿದ, ತನ್ನಂತೆಯೇ ಇದ್ದ ಒಬ್ಬನ ಕೈಕುಲುಕಿ ಹೆಸರು ಕೇಳಿದ. ಆಮೇಲೆ “ಅಂಗಡಿ ಎಲ್ಲಿ?” ಎಂದ. ಅಂಗಡಿ ಇಲ್ಲ, ಬೇಕಾದ್ದನ್ನು ಇಲ್ಲೇ ತಂದುಕೊಡ್ತೀವಿ ಎಂದರು ಅವರು. ಗೇಟಿನ ಹತ್ತಿರ ಹೋಗಿ ಬೀಗವನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನೋಡಿದ. ಅಪ್ಪ, “ಹೆಂಗಿದೆಯೋ?” ಎಂದು ಕೇಳಿದರು.

“ಚೆನ್ನಾಗಿದೆ. ಬೇಡ.”

ಅಪ್ಪ “ಆಯ್ತು ಬಿಡು” ಎಂದರು. ಅಮ್ಮ ನನ್ನ ಮುಖ ನೋಡಿದಳು, ನೀನೇ ತಾನೇ ಇದನ್ನು ಕೇಳಿದ್ದು, ಈಗ ಹೇಳು, ಎನ್ನುವಂತೆ. ನನ್ನ ಹತ್ತಿರ ಹೇಳುವುದಕ್ಕೆ ಏನೂ ಇರಲಿಲ್ಲ. ನಾನಿರುವುದು ಹಾಸ್ಟೆಲ್ಲಿನಲ್ಲಿ, ಫೆಲೋಶಿಪ್ ಇನ್ನು ಒಂದೂವರೆ ವರ್ಷ. ವಾಪಸು ಬರುವಾಗ ಬಸ್ಸಿನಲ್ಲಿ ಅಪ್ಪ ಕಿಟಕಿಯ ಕಡೆ ತಿರುಗಿ ಕೂತಿದ್ದರು, ದಾರಿಯುದ್ದಕ್ಕೂ ಮಾತಾಡಲಿಲ್ಲ. ಕಂಡಕ್ಟರ್ ಬಂದಾಗ ಎಂದಿನಂತೆ ಅಣ್ಣನ ಪಾಸಿಗೆಂದು ಜೇಬಿಗೆ ಕೈಹಾಕಿದರು. ಅದು ಅಲ್ಲಿರಲಿಲ್ಲ. ಅಣ್ಣ ಆಗಲೇ ಅದನ್ನು ತೆಗೆದು ಕಂಡಕ್ಟರ್‌ಗೆ ತೋರಿಸುತ್ತಿದ್ದ.